ಟ್ಯೂಷನ್ ಎಂದರೆ ಮನೆಪಾಠವಲ್ಲ: ಕಮ್ಯುನಿಟಿ ಕಾಲೇಜಿನ ಪದಗಳನ್ನು ತಿಳಿದುಕೊಳ್ಳುವುದು ಹೇಗೆ

ಹೋದ ಆಗಸ್ಟಿನಲ್ಲಿ ಹಾಸನದ ಹುಡುಗಿಯೊಬ್ಬಳು ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, "ಅಕ್ಕಾ, ನನಗೆ ಸೀಟು ಸಿಕ್ಕಿದೆಯೋ ಇಲ್ಲವೋ ನೀವೇ ನೋಡಿ ಹೇಳಿ" ಎಂದಳು. ಮದುವೆಯಾಗಿ ಗಂಡನ ಜೊತೆ ಕ್ಯಾಲಿಫೋರ್ನಿಯಾಕ್ಕೆ ಬಂದು ಒಂದೂವರೆ ವರ್ಷವಾಗಿತ್ತು. ಪರದೆಯ ಮೇಲೆ ಎರಡು ಕೋರ್ಸುಗಳ ಹೆಸರಿದ್ದವು. ಒಂದರ ಎದುರು 'ಎನ್‌ರೋಲ್ಡ್' ಎಂದಿತ್ತು, ಇನ್ನೊಂದರ ಎದುರು 'ವೇಯ್ಟ್‌ಲಿಸ್ಟ್ 3'. ಮೇಲ್ಗಡೆ ಕೆಂಪು ಅಕ್ಷರದಲ್ಲಿ 'ಹೋಲ್ಡ್'. ಬಿಲ್ಲಿನ ಪುಟಕ್ಕೆ ಹೋದರೆ 'ನಾನ್‌ರೆಸಿಡೆಂಟ್ ಟ್ಯೂಷನ್' ಎಂಬ ಸಾಲಿನ ಮುಂದೆ ಎದೆ ಧಸಕ್ಕೆನ್ನುವಂಥ ಮೊತ್ತ. ಅವಳು ಮೆಲ್ಲಗೆ ಕೇಳಿದಳು: "ನಾನು ಟ್ಯೂಷನ್ ಬೇಕೆಂದು ಕೇಳಿಯೇ ಇಲ್ಲವಲ್ಲ ಅಕ್ಕಾ?"

ನಾನು ಭದ್ರಾವತಿಯವಳು. ಕುವೆಂಪು ವಿಶ್ವವಿದ್ಯಾಲಯದ ಬಿ.ಕಾಂ. ಪದವಿ ಹಿಡಿದುಕೊಂಡು 2014ರಲ್ಲಿ ಎಚ್‌-4 ವೀಸಾದ ಮೇಲೆ, ಅಂದರೆ ಇಲ್ಲಿ ಕೆಲಸದ ವೀಸಾದಲ್ಲಿರುವವರ ಮನೆಯವರಿಗೆ ಸಿಗುವ ವೀಸಾದ ಮೇಲೆ, ಇಲ್ಲಿಗೆ ಬಂದೆ. ಕಮ್ಯುನಿಟಿ ಕಾಲೇಜೊಂದರಲ್ಲಿ, ಅಂದರೆ ಎರಡು ವರ್ಷದ ಪದವಿ ಕೊಡುವ ಸಾರ್ವಜನಿಕ ಕಾಲೇಜಿನಲ್ಲಿ, ಅಕೌಂಟಿಂಗ್ ಓದಿದೆ. ಅಲ್ಲಿ ನನ್ನನ್ನು ಎಡವಿಸಿದ್ದು ಗೊತ್ತಿಲ್ಲದ ಪದಗಳಲ್ಲ. ಗೊತ್ತಿಲ್ಲದ ಪದ ಕಂಡರೆ ಯಾರನ್ನಾದರೂ ಕೇಳುತ್ತೇವೆ. ಯೂನಿಟ್, ಸೆಕ್ಷನ್, ಟ್ಯೂಷನ್, ಟ್ರಾನ್ಸ್‌ಫರ್, ಕೌನ್ಸೆಲಿಂಗ್ ಮೊದಲಾದವು ನಾವು ಹುಟ್ಟಿದಾಗಿನಿಂದ ಕನ್ನಡದಲ್ಲೇ ಬಳಸುತ್ತ ಬಂದ ಪದಗಳು. ಅರ್ಥ ಗೊತ್ತಿದೆ ಎಂದುಕೊಂಡು ಮುಂದೆ ಹೋಗುತ್ತೇವೆ. ಆದರೆ ಇಲ್ಲಿ ಅವುಗಳ ಅರ್ಥವೇ ಬೇರೆ, ಮತ್ತು ಹೆಚ್ಚಿನ ಪದಗಳ ಬೆನ್ನಿಗೆ ಒಂದು ತಾರೀಕೋ ಒಂದು ಮೊತ್ತವೋ ಅಂಟಿಕೊಂಡಿರುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ಇದು: ಪರಿಚಿತ ಪದವನ್ನೂ ಹೊಸ ಪದದಂತೆ ನೋಡಿ. ಇದರ ತಾರೀಕು ಯಾವುದು, ಇದಕ್ಕೆ ದುಡ್ಡೆಷ್ಟು ಎಂದು ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ನಾನು ಹೇಳುವುದು ಕ್ಯಾಲಿಫೋರ್ನಿಯಾದ ವ್ಯವಸ್ಥೆಯ ಬಗ್ಗೆ. ಇಲ್ಲಿ ಒಟ್ಟು 116 ಕಮ್ಯುನಿಟಿ ಕಾಲೇಜುಗಳಿವೆ. ಬೇರೆ ರಾಜ್ಯಗಳಲ್ಲಿ ಪದಗಳು ಹೆಚ್ಚುಕಡಿಮೆ ಇವೇ ಆದರೂ ಶುಲ್ಕ, ನಿಯಮ ಬೇರೆ.

ಹಣದ ಪದಗಳು

ನಮ್ಮ ಊರಿನಲ್ಲಿ ಟ್ಯೂಷನ್ ಎಂದರೆ ಸಂಜೆ ಮೇಷ್ಟ್ರ ಮನೆಗೆ ಹೋಗಿ ಗಣಿತ ಹೇಳಿಸಿಕೊಳ್ಳುವುದು. ಇಲ್ಲಿ ಟ್ಯೂಷನ್ ಎಂದರೆ ಕಾಲೇಜಿನ ಬೋಧನಾ ಶುಲ್ಕ. ಮನೆಪಾಠದಂಥದ್ದಕ್ಕೆ 'ಟ್ಯೂಟರಿಂಗ್' ಎನ್ನುತ್ತಾರೆ. ಬಹುತೇಕ ಕಮ್ಯುನಿಟಿ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಅದು ಉಚಿತ. ದಯವಿಟ್ಟು ಬಳಸಿಕೊಳ್ಳಿ.

ಕ್ಯಾಲಿಫೋರ್ನಿಯಾದ ನಿವಾಸಿಗಳು ಕಟ್ಟುವುದಕ್ಕೆ 'ಎನ್‌ರೋಲ್‌ಮೆಂಟ್ ಫೀ' ಎಂದು ಹೆಸರು. ಅದು ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್. ನಿವಾಸಿಯಲ್ಲದವರು ಇದರ ಜೊತೆಗೆ 'ನಾನ್‌ರೆಸಿಡೆಂಟ್ ಟ್ಯೂಷನ್' ಕಟ್ಟಬೇಕು, ಅದು ಇದರ ಹಲವು ಪಟ್ಟು. ಆ ಹುಡುಗಿ ಆರಿಸಿಕೊಂಡದ್ದು ಒಟ್ಟು 7 ಯೂನಿಟ್. ನಿವಾಸಿಯ ಲೆಕ್ಕದಲ್ಲಿ 322 ಡಾಲರ್, ಮೇಲೆ ಆರೋಗ್ಯ ಶುಲ್ಕದಂಥ ಒಂದಿಷ್ಟು ಚಿಲ್ಲರೆ. ಪರದೆಯ ಮೇಲಿದ್ದ ಮೊತ್ತಕ್ಕೂ ಇದಕ್ಕೂ ಅಜಗಜಾಂತರ. ಹಾಗಾಗಿ 'ರೆಸಿಡೆಂಟ್' ಎಂಬ ಪದದ ಮುಂದೆ ನಾವಿಬ್ಬರೂ ಒಂದು ಗಂಟೆ ಕೂತೆವು.

ರೆಸಿಡೆಂಟ್ ಎಂದೊಡನೆ ನಮ್ಮವರ ಮನಸ್ಸು ಗ್ರೀನ್ ಕಾರ್ಡಿನತ್ತ ಹೋಗುತ್ತದೆ. ಇಲ್ಲಿ ಅದಲ್ಲ. ತರಗತಿಗಳು ಆರಂಭವಾಗುವ ಹೊತ್ತಿಗೆ ನೀವು ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಮತ್ತು ಒಂದು ದಿನ ನೆಲೆಸಿರಬೇಕು, ಇಲ್ಲೇ ಇರುವ ಉದ್ದೇಶವೂ ಇರಬೇಕು. ಆ ಉದ್ದೇಶವನ್ನು ಕಾಗದಗಳು ತೋರಿಸಬೇಕು. ರಾಜ್ಯದ ಚಾಲನಾ ಪರವಾನಗಿ, ರಾಜ್ಯದ ಆದಾಯ ತೆರಿಗೆ ವಿವರ, ಬಾಡಿಗೆ ಕರಾರು ಇಂಥವು. ವೀಸಾ ಯಾವುದು ಎನ್ನುವುದೂ ಮುಖ್ಯ. ಎಚ್‌-4 ವೀಸಾದವರು ಹೀಗೆ ನಿವಾಸಿಗಳಾಗಬಹುದು, ಎಫ್‌-1 ವಿದ್ಯಾರ್ಥಿ ವೀಸಾದವರು ಆಗುವಂತಿಲ್ಲ. ನಮ್ಮ ಹುಡುಗಿಯ ಬಳಿ ಅದರ ಹಿಂದಿನ ವರ್ಷದ ಜೂನ್‌ನಲ್ಲಿ ಮಾಡಿಸಿದ ಪರವಾನಗಿ ಇತ್ತು. ಗಂಡಹೆಂಡಿರು ಸೇರಿ ಸಲ್ಲಿಸಿದ ತೆರಿಗೆ ವಿವರ ಇತ್ತು. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇತ್ತು. ಕಾಲೇಜು ಕೇಳಿದಾಗ ಅವಳು ಕಳುಹಿಸಿರಲಿಲ್ಲ, ಅಷ್ಟೇ.

ಆ ಕೆಂಪು 'ಹೋಲ್ಡ್' ಅದರದ್ದೇ. ಹೋಲ್ಡ್ ಎಂದರೆ ಶಿಕ್ಷೆಯಲ್ಲ, ತಡೆ. ಏನೋ ಒಂದು ಬಾಕಿ ಇದೆ, ಅದು ಮುಗಿಯುವವರೆಗೆ ನೋಂದಣಿಯಂಥ ಕೆಲಸ ಮುಂದೆ ಸಾಗುವುದಿಲ್ಲ ಎಂದರ್ಥ. ಕಾಗದ ಕೊಡದಿದ್ದರೂ ಹೋಲ್ಡ್, ಗ್ರಂಥಾಲಯದ ಪುಸ್ತಕ ಹಿಂದಿರುಗಿಸದಿದ್ದರೂ ಹೋಲ್ಡ್. ಹೆದರಿ ಲ್ಯಾಪ್‌ಟಾಪ್ ಮುಚ್ಚಬೇಡಿ. ಅದರ ಮೇಲೆ ಒತ್ತಿ, ಯಾವ ವಿಭಾಗ ಹಾಕಿದೆ ಎಂದು ಓದಿ, ಆ ವಿಭಾಗಕ್ಕೇ ಹೋಗಿ. ಪ್ರವೇಶ, ನಿವಾಸ, ಅಂಕಗಳ ದಾಖಲೆ ಇವೆಲ್ಲ 'ಅಡ್ಮಿಷನ್ಸ್ ಅಂಡ್ ರೆಕಾರ್ಡ್ಸ್' ಕಚೇರಿಯದ್ದು. ಹಲವು ಕಡೆ ಇದನ್ನೇ ರಿಜಿಸ್ಟ್ರಾರ್ ಕಚೇರಿ ಎನ್ನುತ್ತಾರೆ. ದುಡ್ಡು ಕಟ್ಟುವ ಜಾಗ ಬೇರೆ, ಅದಕ್ಕೆ ಬರ್ಸರ್ ಅಥವಾ ಕ್ಯಾಷಿಯರ್ ಎಂಬ ಹೆಸರಿರುತ್ತದೆ.

ಇನ್ನೊಂದು ಪದ 'ಫೈನಾನ್ಷಿಯಲ್ ಏಡ್'. ಇದರಲ್ಲಿ ಗ್ರ್ಯಾಂಟ್ ಎಂದರೆ ತೀರಿಸಬೇಕಿಲ್ಲದ ಹಣ, ಲೋನ್ ಎಂದರೆ ಸಾಲ, ವರ್ಕ್‌ಸ್ಟಡಿ ಎಂದರೆ ಕ್ಯಾಂಪಸ್ಸಿನಲ್ಲಿ ದುಡಿದು ಗಳಿಸುವುದು. 'ಫಾಫ್ಸಾ' ಎನ್ನುವುದು ಕೇಂದ್ರ ಸರ್ಕಾರದ ನೆರವಿನ ಅರ್ಜಿ. ಅದು ಪ್ರಜೆಗಳಿಗೆ, ಗ್ರೀನ್ ಕಾರ್ಡಿನವರಿಗೆ ಮತ್ತು ಇನ್ನು ಕೆಲವೇ ವರ್ಗದವರಿಗೆ. ಎಚ್‌-4 ವೀಸಾದವರಿಗೆ ಆ ನೆರವಿಲ್ಲ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಪ್ರವೇಶದ ಅರ್ಜಿಯಲ್ಲಿ ಪೌರತ್ವ ಕೇಳುವ ಸಾಲು ಬಂದಾಗ ಅವಸರ ಮಾಡಬೇಡಿ. ಅಮೆರಿಕದ ಪ್ರಜೆ ಎಂಬ ಚೌಕದಲ್ಲಿ ತಪ್ಪಿಯೂ ಗುರುತು ಹಾಕಬೇಡಿ. ಪ್ರಜೆ ಎಂದು ಸುಳ್ಳು ಹೇಳಿಕೊಂಡಂತಾದರೆ ಅದು ವಲಸೆ ಕಾನೂನಿನಲ್ಲಿ ಬಹಳ ದೊಡ್ಡ ಅಪರಾಧ.

ಯೂನಿಟ್, ಸೆಕ್ಷನ್, ವೇಯ್ಟ್‌ಲಿಸ್ಟ್

ನಮ್ಮ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಯೂನಿಟ್ 1, ಯೂನಿಟ್ 2 ಎಂದರೆ ಅಧ್ಯಾಯಗಳ ಗುಂಪು. ಇಲ್ಲಿ ಯೂನಿಟ್ ಎಂದರೆ ಕೋರ್ಸಿನ ತೂಕ. 3 ಯೂನಿಟ್ಟಿನ ಕೋರ್ಸು ಎಂದರೆ ವಾರಕ್ಕೆ ಸುಮಾರು 3 ಗಂಟೆ ತರಗತಿ, ಮನೆಯಲ್ಲಿ 6 ಗಂಟೆ ಓದು. 12 ಯೂನಿಟ್ ತೆಗೆದುಕೊಂಡರೆ ನೀವು 'ಫುಲ್‌ಟೈಮ್' ವಿದ್ಯಾರ್ಥಿ, ಅಂದರೆ ವಾರಕ್ಕೆ 36 ಗಂಟೆಯ ಕೆಲಸ. ಮನೆಯಲ್ಲಿ ಚಿಕ್ಕ ಮಗುವಿರುವ ತಾಯಂದಿರು 12 ಎಂಬ ಸಣ್ಣ ಸಂಖ್ಯೆ ನೋಡಿ ಮೊದಲ ಸೆಮಿಸ್ಟರಿನಲ್ಲೇ ಅಷ್ಟನ್ನೂ ತುಂಬಿಕೊಳ್ಳುತ್ತಾರೆ. ಎರಡು ಕೋರ್ಸಿನಿಂದ ಶುರುಮಾಡಿ ಎನ್ನುವುದು ನನ್ನ ಅಭಿಪ್ರಾಯ.

ಎರಡು ವರ್ಷದ ಅಸೋಸಿಯೇಟ್ ಪದವಿಗೆ 60 ಸೆಮಿಸ್ಟರ್ ಯೂನಿಟ್ ಬೇಕು. ಕೂಪರ್ಟಿನೋದ ಡಿ ಆನ್ಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಕಾಲೇಜುಗಳಲ್ಲಿ ವರ್ಷವನ್ನು ಕ್ವಾರ್ಟರುಗಳಾಗಿ ಹಂಚಿರುತ್ತಾರೆ. ಅಲ್ಲಿ ಬೇಕಾಗುವುದು 90 ಕ್ವಾರ್ಟರ್ ಯೂನಿಟ್, ಒಂದಕ್ಕೆ 31 ಡಾಲರ್. ಒಂದು ಸೆಮಿಸ್ಟರ್ ಯೂನಿಟ್ ಒಂದೂವರೆ ಕ್ವಾರ್ಟರ್ ಯೂನಿಟ್ಟಿಗೆ ಸಮ. ಎರಡು ಕಾಲೇಜುಗಳ ಶುಲ್ಕ ಹೋಲಿಸುವಾಗ ಈ ಲೆಕ್ಕ ಮರೆಯಬಾರದು.

ಸೆಕ್ಷನ್ ಎಂದರೆ ನಮ್ಮ 'ಎ' ಸೆಕ್ಷನ್, 'ಬಿ' ಸೆಕ್ಷನ್ ಅಲ್ಲ. ವರ್ಷವಿಡೀ ಜೊತೆಗೆ ಕೂರುವ ಗುಂಪು ಇಲ್ಲಿಲ್ಲ. ಒಂದೇ ಕೋರ್ಸನ್ನು ಸೋಮವಾರ ಬೆಳಿಗ್ಗೆ ಒಬ್ಬರು, ಮಂಗಳವಾರ ಸಂಜೆ ಇನ್ನೊಬ್ಬರು, ಆನ್‌ಲೈನಿನಲ್ಲಿ ಮತ್ತೊಬ್ಬರು ಹೇಳಿಕೊಡುತ್ತಾರೆ. ಪ್ರತಿಯೊಂದೂ ಒಂದು ಸೆಕ್ಷನ್, ಪ್ರತಿಯೊಂದಕ್ಕೂ ತನ್ನದೇ ಸಂಖ್ಯೆ. ನೋಂದಣಿ ಮಾಡುವುದು ಆ ಸಂಖ್ಯೆಯಿಂದ. ಒಂದು ಅಂಕಿ ತಪ್ಪಿದರೆ ಬೇರೆ ಊಟಕ್ಕೇ ಎಲೆ ಹಾಕಿಸಿಕೊಂಡಂತೆ.

ವೇಯ್ಟ್‌ಲಿಸ್ಟನ್ನು ನಮ್ಮ ರೈಲಿನ ಟಿಕೆಟಿನಿಂದ ಅರ್ಥಮಾಡಿಕೊಳ್ಳಬಹುದು. ಯಾರೋ ಬಿಟ್ಟರೆ 3 ಇದ್ದದ್ದು 2 ಆಗುತ್ತದೆ, ಆಮೇಲೆ ಸೀಟು. ಆದರೆ ಈ ಹೋಲಿಕೆ ಅರ್ಧದಾರಿಯವರೆಗೆ ಮಾತ್ರ. ತರಗತಿ ಆರಂಭವಾದ ಮೇಲೆ ಪಟ್ಟಿ ತಾನಾಗಿ ಸರಿಯುವುದು ನಿಲ್ಲುತ್ತದೆ. ಆಗ ನೀವೇ ಮೊದಲ ದಿನದ ತರಗತಿಗೆ ಹೋಗಿ ಕೂರಬೇಕು. ಬಾರದವರ ಹೆಸರನ್ನು ಅಧ್ಯಾಪಕರು ತೆಗೆಯುತ್ತಾರೆ, ಆ ಜಾಗಕ್ಕೆ ಕಾಯುತ್ತಿರುವವರಿಗೆ 'ಆ್ಯಡ್ ಕೋಡ್' ಎಂಬ ಸಂಖ್ಯೆ ಕೊಡುತ್ತಾರೆ. ಅದನ್ನು ಹಾಕಿ ನೀವೇ ನೋಂದಾಯಿಸಿಕೊಳ್ಳಬೇಕು, ಅದಕ್ಕೂ ಗಡುವಿದೆ. "ಸೀಟೇ ಇಲ್ಲದ ತರಗತಿಯಲ್ಲಿ ಹೋಗಿ ಹೇಗೆ ಕೂರಲಿ ಅಕ್ಕಾ, ಎಬ್ಬಿಸಿ ಕಳುಹಿಸಿದರೆ?" ಎಂದು ಹುಡುಗಿ ಕೇಳಿದಳು. ಎಬ್ಬಿಸುವುದಿಲ್ಲ, ಅವರೂ ಅದನ್ನೇ ನಿರೀಕ್ಷಿಸುತ್ತಾರೆ ಎಂದು ಹೇಳಿ, ಅಧ್ಯಾಪಕರಿಗೆ ಹಿಂದಿನ ದಿನವೇ ಮೂರು ಸಾಲಿನ ಮಿಂಚಂಚೆ ಬರೆಸಿದೆ. ಹೆಸರು, ವಿದ್ಯಾರ್ಥಿ ಸಂಖ್ಯೆ, ಸೆಕ್ಷನ್ ಸಂಖ್ಯೆ, ಬರುತ್ತಿದ್ದೇನೆ ಎಂಬ ಮಾತು. ಅಷ್ಟು ಸಾಕು.

'ಪ್ರಿರಿಕ್ವಿಸಿಟ್' ಎಂದರೆ ಮೊದಲು ಮುಗಿಸಿರಬೇಕಾದ ಕೋರ್ಸು, 'ಕೋರಿಕ್ವಿಸಿಟ್' ಎಂದರೆ ಜೊತೆಗೇ ತೆಗೆದುಕೊಳ್ಳಬೇಕಾದದ್ದು, 'ಅಡ್ವೈಸರಿ' ಎಂದರೆ ಸಲಹೆ ಮಾತ್ರ. ನಿಮ್ಮ ಬಿ.ಕಾಂ. ಅಥವಾ ಪಿಯುಸಿಯ ಗಣಿತ ಪ್ರಿರಿಕ್ವಿಸಿಟ್ಟಿಗೆ ಸಮ ಎಂದು ತೋರಿಸಬಹುದು, ತಾನಾಗಿ ಯಾರೂ ಒಪ್ಪಿಕೊಳ್ಳುವುದಿಲ್ಲ.

ಬಿಡುವುದು ಹೇಗೆ

ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನನ್ನ ಎರಡನೆಯ ಸೆಮಿಸ್ಟರಿನಲ್ಲಿ ಇಂಗ್ಲಿಷ್ 3 ಯೂನಿಟ್, ಗಣಿತ 5 ಯೂನಿಟ್, ಅಕೌಂಟಿಂಗ್ 4 ಯೂನಿಟ್ ಇದ್ದವು. ಮಾರ್ಚಿನಲ್ಲಿ ಅಪ್ಪನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಮೂರು ವಾರ ಭದ್ರಾವತಿಗೆ ಹೋಗಿಬಂದೆ. ಇಂಗ್ಲಿಷ್, ಗಣಿತ ಆನ್‌ಲೈನ್ ತರಗತಿಗಳಾದ್ದರಿಂದ ಹೇಗೋ ನಡೆಸಿಕೊಂಡೆ. ಅಕೌಂಟಿಂಗ್ ಸಂಜೆಯ ತರಗತಿ, ಅದಕ್ಕೆ ಹೋಗುವುದನ್ನು ನಿಲ್ಲಿಸಿದೆ. ನಮ್ಮಲ್ಲಿ ಹಾಜರಾತಿ ಸಾಲದಿದ್ದರೆ ಹಾಲ್ ಟಿಕೆಟ್ ಬರುವುದಿಲ್ಲ, ಪರೀಕ್ಷೆಗೆ ಕೂರುವುದಿಲ್ಲ, ಮುಂದಿನ ಬಾರಿ ಕಟ್ಟುತ್ತೇವೆ. ಇಲ್ಲಿಯೂ ಹಾಗೇ ಎಂದುಕೊಂಡೆ. ಜೂನಿನಲ್ಲಿ ಅಂಕಪಟ್ಟಿ ತೆರೆದಾಗ ಇಂಗ್ಲಿಷಿಗೆ ಎ, ಗಣಿತಕ್ಕೆ ಬಿ, ಅಕೌಂಟಿಂಗಿಗೆ ಎಫ್.

ಹೋಗುವುದನ್ನು ನಿಲ್ಲಿಸಿದರೆ ಕೋರ್ಸು ಬಿಟ್ಟಂತಲ್ಲ. ಬಿಡುವುದೆಂದರೆ ನೀವೇ ಆನ್‌ಲೈನ್ ಖಾತೆಗೆ ಹೋಗಿ 'ಡ್ರಾಪ್' ಒತ್ತಬೇಕು. ಯಾವಾಗ ಒತ್ತಿದಿರಿ ಎನ್ನುವುದರ ಮೇಲೆ ಮೂರು ಬೇರೆಬೇರೆ ಫಲಗಳು. ಪೂರ್ಣ ಸೆಮಿಸ್ಟರಿನ ತರಗತಿಯಾದರೆ ಮೊದಲ ಎರಡು ವಾರದೊಳಗೆ ಬಿಟ್ಟರೆ ಹಣವೂ ವಾಪಸ್, ದಾಖಲೆಯಲ್ಲಿ ಗುರುತೂ ಇಲ್ಲ. ಅದಾದ ಮೇಲೆ ಸ್ವಲ್ಪ ದಿನ, ಹಣ ಬಾರದಿದ್ದರೂ ಗುರುತಿಲ್ಲದೆ ಬಿಡಲು ಅವಕಾಶವಿರುತ್ತದೆ. ಆ ಗಡುವೂ ದಾಟಿದ ಮೇಲೆ, ಅವಧಿಯ ಸುಮಾರು ಮುಕ್ಕಾಲು ಭಾಗ ಮುಗಿಯುವವರೆಗೆ ಬಿಟ್ಟರೆ ಅಂಕಗಳ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟಿನಲ್ಲಿ 'ಡಬ್ಲ್ಯು' ಬೀಳುತ್ತದೆ, ಅಂದರೆ ವಿತ್‌ಡ್ರಾ. ಅದನ್ನೂ ದಾಟಿದರೆ ಏನು ಗಳಿಸಿದ್ದೀರೋ ಅದೇ ಗ್ರೇಡ್. ಈ ತಾರೀಕುಗಳು ಪ್ರತಿ ಸೆಕ್ಷನ್ನಿಗೂ ಬೇರೆಯಾಗಿರಬಹುದು, ನಿಮ್ಮ ಖಾತೆಯಲ್ಲೇ ಇರುತ್ತವೆ. ನೋಂದಣಿಯಾದ ದಿನವೇ ಮೊಬೈಲಿನ ಕ್ಯಾಲೆಂಡರಿಗೆ ಹಾಕಿ.

ಡಬ್ಲ್ಯು ಒಳ್ಳೆಯದೇನಲ್ಲ. ತೀರಾ ಹೆಚ್ಚಾದರೆ ಎಚ್ಚರಿಕೆಯ ಪತ್ರ ಬರುತ್ತದೆ. ಆದರೆ ಅದು ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಸೇರುವುದಿಲ್ಲ. ಎಫ್ ಸೇರುತ್ತದೆ. ಜಿಪಿಎ ಲೆಕ್ಕ ನೋಡಿ: ಎ ಗೆ 4, ಬಿ ಗೆ 3, ಸಿ ಗೆ 2, ಡಿ ಗೆ 1, ಎಫ್‌ಗೆ ಸೊನ್ನೆ. ಇದನ್ನು ಯೂನಿಟ್ಟಿನಿಂದ ಗುಣಿಸಬೇಕು. ನನ್ನ ಇಂಗ್ಲಿಷ್ 12, ಗಣಿತ 15, ಅಕೌಂಟಿಂಗ್ ಸೊನ್ನೆ, ಒಟ್ಟು 27. ಅದನ್ನು 12 ಯೂನಿಟ್ಟಿನಿಂದ ಭಾಗಿಸಿದರೆ 2.25. ಏಪ್ರಿಲ್ ತಿಂಗಳಿನಲ್ಲಿ ಆಸ್ಪತ್ರೆಯ ವರಾಂಡದಲ್ಲಿ ಕೂತೇ ಮೊಬೈಲಿನಲ್ಲಿ ಡ್ರಾಪ್ ಒತ್ತಿದ್ದರೆ 27ನ್ನು 8ರಿಂದ ಭಾಗಿಸುತ್ತಿದ್ದರು, 3.37 ದಾಟುತ್ತಿತ್ತು. ಈ ಜಿಪಿಎ 2.0ಕ್ಕಿಂತ ಕೆಳಗಿಳಿದರೆ ಪ್ರೊಬೇಷನ್. ಅದೂ ನಮ್ಮ ಬ್ಯಾಂಕ್ ನೌಕರಿಯ ಪ್ರೊಬೇಷನ್ ಅಲ್ಲ, ಓದಿನ ಮೇಲೆ ಕಾಲೇಜು ಇಡುವ ನಿಗಾ.

ಇಂಥ ಸಂದರ್ಭಕ್ಕೆ ಈಗ 'ಎಕ್ಸ್‌ಕ್ಯೂಸ್ಡ್ ವಿತ್‌ಡ್ರಾವಲ್' ಎಂಬ ದಾರಿ ಇದೆ. ಅನಾರೋಗ್ಯ, ಮನೆಯವರ ಕಾಯಿಲೆ ಮುಂತಾದ ಕಾರಣಕ್ಕೆ ದಾಖಲೆ ಸಹಿತ ಅರ್ಜಿ ಕೊಟ್ಟರೆ ಗ್ರೇಡಿನ ಬದಲು 'ಇಡಬ್ಲ್ಯು' ಸಿಗಬಹುದು. ಆಸ್ಪತ್ರೆಯ ಚೀಟಿ, ವಿಮಾನದ ಟಿಕೆಟ್ ಎಸೆಯಬೇಡಿ. ಕೊನೆಗೆ ಬಹುಪಾಲು ಮುಗಿಸಿ, ತೀರಾ ಕೊನೆಯಲ್ಲಿ ತೊಂದರೆಯಾದವರಿಗೆ 'ಇನ್‌ಕಂಪ್ಲೀಟ್' ಇದೆ, ಅದನ್ನು ಅಧ್ಯಾಪಕರ ಜೊತೆ ಮಾತಾಡಿ ಪಡೆಯಬೇಕು.

ಅಂಕಗಳ ಬಗ್ಗೆ ಇನ್ನೊಂದು ಮಾತು. ನಮ್ಮಲ್ಲಿ ಶೇಕಡಾ 60 ಪ್ರಥಮ ದರ್ಜೆ. ಇಲ್ಲಿ ಹೆಚ್ಚಿನ ತರಗತಿಗಳಲ್ಲಿ 90ಕ್ಕೆ ಎ, 80ಕ್ಕೆ ಬಿ, 70ಕ್ಕೆ ಸಿ, 60ಕ್ಕೆ ಡಿ. ಮೊದಲ ಟೆಸ್ಟಿನಲ್ಲಿ 65 ಬಂದಾಗ ನಾನು ಸಮಾಧಾನವಾಗಿದ್ದೆ. ಇರಬಾರದಿತ್ತು.

ಯಾರ ಬಳಿ ಹೋಗಬೇಕು

ಕೌನ್ಸೆಲಿಂಗ್ ಎಂದರೆ ನಮಗೆ ಒಂದೋ ಸಿಇಟಿ ಸೀಟು ಹಂಚಿಕೆ, ಇಲ್ಲವೇ ಮನಸ್ಸಿನ ಸಮಸ್ಯೆಗೆ ಸಲಹೆ. ಆದ್ದರಿಂದ ನಮ್ಮವರು ಕೌನ್ಸೆಲರ್ ಬಾಗಿಲಿಗೆ ಹೋಗಲು ಹಿಂಜರಿಯುತ್ತಾರೆ. ಇಲ್ಲಿ ಕೌನ್ಸೆಲರ್ ಎಂದರೆ ಯಾವ ಕೋರ್ಸನ್ನು ಯಾವ ಸೆಮಿಸ್ಟರಿನಲ್ಲಿ ತೆಗೆದುಕೊಳ್ಳಬೇಕೆಂದು ಕೂತು ಯೋಜನೆ ಹಾಕಿಕೊಡುವವರು. ಆ ಬರಹದ ಯೋಜನೆಗೆ 'ಎಜುಕೇಷನ್ ಪ್ಲಾನ್' ಎನ್ನುತ್ತಾರೆ, ಅದನ್ನು ಕೇಳಿ ಪಡೆಯಿರಿ. ನೋಂದಣಿಯ ವಾರಗಳಲ್ಲಿ ಅವರ ಭೇಟಿ ಸಿಗುವುದು ಕಷ್ಟ, ಒಂದು ತಿಂಗಳು ಮೊದಲೇ ಸಮಯ ಗೊತ್ತುಮಾಡಿಕೊಳ್ಳಿ.

'ಆಫೀಸ್ ಅವರ್ಸ್' ನನ್ನನ್ನು ಒಂದು ಇಡೀ ಸೆಮಿಸ್ಟರ್ ದೂರವಿಟ್ಟ ಪದ. ಅಧ್ಯಾಪಕಿಯ ಬಾಗಿಲಿನ ಮೇಲೆ 'ಆಫೀಸ್ ಅವರ್ಸ್: ಮಂಗಳವಾರ, ಗುರುವಾರ 2ರಿಂದ 3' ಎಂಬ ಚೀಟಿ ಇತ್ತು. ಆ ಹೊತ್ತಿನಲ್ಲಿ ಅವರಿಗೆ ಕಚೇರಿ ಕೆಲಸವಿದೆ, ತೊಂದರೆ ಕೊಡಬಾರದು ಎಂದುಕೊಂಡು ಬೇಕೆಂದೇ ಆ ಹೊತ್ತು ತಪ್ಪಿಸುತ್ತಿದ್ದೆ. ಅದು ಇರುವುದೇ ವಿದ್ಯಾರ್ಥಿಗಳಿಗಾಗಿ. ಅವರು ಬಾಗಿಲು ತೆರೆದಿಟ್ಟು ಕಾಯುತ್ತಿದ್ದರು.

ಟ್ರಾನ್ಸ್‌ಕ್ರಿಪ್ಟ್ ನಮ್ಮ ಮಾರ್ಕ್ಸ್ ಕಾರ್ಡಿಗೆ ಹತ್ತಿರ, ಆದರೆ ಎಲ್ಲ ವರ್ಷದ್ದೂ ಒಂದೇ ಕಡೆ. 'ಅನ್‌ಅಫಿಷಿಯಲ್' ಪ್ರತಿಯನ್ನು ನೀವೇ ತೆಗೆದುಕೊಳ್ಳಬಹುದು. 'ಅಫಿಷಿಯಲ್' ಪ್ರತಿ ಸಂಸ್ಥೆಯಿಂದ ಸಂಸ್ಥೆಗೆ ಮುದ್ರೆಯೊಡನೆ ಹೋಗಬೇಕು. ನನ್ನ ಟ್ರಾನ್ಸ್‌ಕ್ರಿಪ್ಟಿಗಾಗಿ ಅಪ್ಪ ನಮ್ಮ ವಿಶ್ವವಿದ್ಯಾಲಯವಿರುವ ಶಂಕರಘಟ್ಟಕ್ಕೆ ಹೋಗಿ ಅರ್ಜಿ ಕೊಟ್ಟು, ಲಕೋಟೆ ತಂದು, ಹೆಸರು ಸರಿಯಿದೆಯೇ ನೋಡೋಣವೆಂದು ಕತ್ತರಿ ಹಿಡಿದಿದ್ದರು. ಅಷ್ಟರಲ್ಲಿ ನಾನು ಫೋನ್ ಮಾಡಿದೆ. ಒಡೆದ ಲಕೋಟೆಗೆ ಬೆಲೆಯಿಲ್ಲ. ನಮ್ಮ ಟ್ರಾನ್ಸ್‌ಕ್ರಿಪ್ಟನ್ನು ಇಲ್ಲಿನ ಅಂಕಗಳಿಗೆ ಹೊಂದಿಸಿ ವರದಿ ಕೊಡುವ ಖಾಸಗಿ ಸಂಸ್ಥೆಗಳಿವೆ. ಹಣ ಕಟ್ಟುವ ಮೊದಲು ಯಾವ ಸಂಸ್ಥೆಗಳ ವರದಿ ಒಪ್ಪುತ್ತೀರಿ, ಪ್ರತಿ ವಿಷಯದ ವಿವರ ಬೇಕೇ ಎಂದು ಕಾಲೇಜನ್ನು ಕೇಳಿ.

ಮಕ್ಕಳನ್ನು ಸೇರಿಸುವ ತಂದೆತಾಯಿಗಳಿಗೆ

'ಟ್ರಾನ್ಸ್‌ಫರ್' ಎಂದರೆ ಇಲ್ಲಿ ಟಿ.ಸಿ. ಅಲ್ಲ, ಸರ್ಕಾರಿ ನೌಕರರ ವರ್ಗಾವಣೆಯೂ ಅಲ್ಲ. ಎರಡು ವರ್ಷ ಇಲ್ಲಿ ಓದಿ ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯ ಸೇರುವುದು. ಇಲ್ಲಿನ ಯಾವ ಕೋರ್ಸು ಅಲ್ಲಿನ ಯಾವುದಕ್ಕೆ ಸಮ ಎಂಬ ಒಪ್ಪಂದಕ್ಕೆ 'ಆರ್ಟಿಕ್ಯುಲೇಷನ್' ಎಂದು ಹೆಸರು. ಅದನ್ನು 'ಅಸಿಸ್ಟ್' ಎಂಬ ರಾಜ್ಯದ ಅಧಿಕೃತ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. 2010ರ ಕಾನೂನಿನಿಂದ ಬಂದ 'ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್' ಕ್ಯಾಲ್ ಸ್ಟೇಟ್ ವಿಶ್ವವಿದ್ಯಾಲಯಗಳಿಗೆ ಹೋಗುವವರಿಗೆ ಒಳ್ಳೆಯ ದಾರಿ. 'ಟ್ಯಾಗ್' ಎನ್ನುವುದು ಯುಸಿಯ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ, ಆರು ಕ್ಯಾಂಪಸ್ಸುಗಳ ಪ್ರವೇಶ ಖಾತರಿ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಇದರಲ್ಲಿಲ್ಲ. ಟ್ಯಾಗ್ ಅರ್ಜಿ ಸೆಪ್ಟೆಂಬರ್ ತಿಂಗಳಲ್ಲಿ ಮಾತ್ರ.

ಮಗನ ಅಂಕ ಕೇಳಲು ಕಚೇರಿಗೆ ಹೋದರೆ ಹೇಳುವುದಿಲ್ಲ. 1974ರ 'ಫರ್ಪಾ' ಎಂಬ ಕಾನೂನಿನ ಪ್ರಕಾರ ಕಾಲೇಜಿಗೆ ಸೇರಿದೊಡನೆ ಆ ದಾಖಲೆಯ ಹಕ್ಕು ವಿದ್ಯಾರ್ಥಿಯದು, ಅವನಿಗೆ 17 ವರ್ಷವಿದ್ದರೂ ಸರಿ. ಫೀಸು ಕಟ್ಟಿದವರು ನೀವೇ ಆದರೂ ಅವನನ್ನೇ ಕೇಳಬೇಕು. ಕಿಟಕಿಯಲ್ಲಿ ಕೂತವರ ಮೇಲೆ ಸಿಟ್ಟಾಗಬೇಡಿ.

ಕೊನೆಯ ಪದ 'ಪೆಟಿಷನ್'. ಕೋರ್ಟಿನ ವಾಸನೆಯಿರುವ ಈ ಪದ ಇಲ್ಲಿ ಬರೀ ಒಂದು ಅರ್ಜಿ ನಮೂನೆ. ನಾನ್‌ರೆಸಿಡೆಂಟ್ ಎಂದಿರುವುದನ್ನು ಬದಲಿಸಲು ಪೆಟಿಷನ್, ಎಫ್ ಬಂದದ್ದನ್ನು ಮತ್ತೆ ಓದಿ ಲೆಕ್ಕದಿಂದ ತೆಗೆಸಲು ಹಲವು ಕಡೆ ಪೆಟಿಷನ್. ಅಕೌಂಟಿಂಗನ್ನು ನಾನು ಮರುವರ್ಷ ಓದಿ ಎ ಪಡೆದೆ. ಹಳೆಯ ಎಫ್ ಕಾಗದದ ಮೇಲೆ ಹಾಗೇ ಇದೆ, ಜಿಪಿಎಯಲ್ಲಿ ಇಲ್ಲ. ಪದವಿ ಕೂಡ ಕೇಳದೆ ಬರುವುದು ಅಪರೂಪ. ಎಲ್ಲ ಕೋರ್ಸು ಮುಗಿಸಿದ ಮೇಲೂ ಹೆಚ್ಚಿನ ಕಾಲೇಜುಗಳಲ್ಲಿ 'ಗ್ರ್ಯಾಜುಯೇಷನ್ ಪೆಟಿಷನ್' ಹಾಕಬೇಕು, ಕೊನೆಯ ಸೆಮಿಸ್ಟರಿನ ಆರಂಭದಲ್ಲೇ. ಹಾಸನದ ಹುಡುಗಿಗೆ ಅದಿನ್ನೂ ದೂರ. ಕಾಗದಗಳನ್ನು ಅಂದು ರಾತ್ರಿಯೇ ಸಲ್ಲಿಸಿದಳು, ಒಂಬತ್ತನೆಯ ದಿನ ಹೋಲ್ಡ್ ಹೋಯಿತು, ಬಿಲ್ಲು ಇಳಿಯಿತು. ಮೊದಲ ದಿನದ ತರಗತಿಯಿಂದಲೇ ನನಗೆ ಆ್ಯಡ್ ಕೋಡಿನ ಫೋಟೋ ಕಳುಹಿಸಿದಳು. ಗಡುವು ಶುಕ್ರವಾರ ಎಂದು ಅದರ ಕೆಳಗೆ ತಾನೇ ಬರೆದುಕೊಂಡಿದ್ದಳು.